ಆಸ್ಪತ್ರೆ ಗೌರಮ್ಮ ಮಲಗಿದಾಗ

ನಮ್ಮತ್ತೆಯ ಹೆಸರು ಚಿಕ್ಕಗೌರಮ್ಮ. ಹಾಗಂತ ಕೇಳಿಕೊಂಡು ಬಂದರೆ ನಮ್ಮೂರಲ್ಲಿ ಅರ್ಧ ಜನ ಯಾರು ಅಂತ ತಲೆ ಕೆರೆದುಕೊಳ್ಳುತ್ತಾರೆ. ಆಸ್ಪತ್ರೆ ಗೌರಮ್ಮನ ಮನೆ ಅಂದರೆ ದಬ್ಬೇಘಟ್ಟದ ಬಸ್ಸಿನ ಕಂಡಕ್ಟರ್ ಕೂಡ ಕೈ ತೋರಿಸುತ್ತಾನೆ. ಅವರೇನು ನರ್ಸಮ್ಮನಲ್ಲ, ಆಶಾ ಕಾರ್ಯಕರ್ತೆಯೂ ಅಲ್ಲ. ಊರಲ್ಲಿ ಯಾರಿಗೆ ಹುಷಾರು ತಪ್ಪಿದರೂ ಜೊತೆಗೆ ಆಸ್ಪತ್ರೆಗೆ ಹೋಗುವುದು ಅವರ ಕೆಲಸ. ಯಾರೂ ವಹಿಸಿದ್ದಲ್ಲ, ತಾವೇ ತಲೆ ಮೇಲೆ ಹೊತ್ತುಕೊಂಡಿದ್ದು. ನಾನು ಮದುವೆಯಾಗಿ ಅರಳಗುಪ್ಪೆಯಿಂದ ಬಂದ ಹೊಸತು, ಮನೆ ತುಂಬ ನೆಂಟರು, ಒಲೆ ಮೇಲೆ ಸಾರು ಕುದಿಯುತ್ತಿತ್ತು. ಯಾರದೋ ಮನೆ ಹೆಂಗಸಿಗೆ ಹೊಟ್ಟೆನೋವು ಅಂತ ಸುದ್ದಿ ಬಂತು. ಸೌಟನ್ನು ನನ್ನ ಕೈಗೆ ಕೊಟ್ಟು ಹೊರಟೇಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಈಗಲೂ ಉರಿಯುತ್ತದೆ, ಸುಳ್ಳು ಯಾಕೆ ಹೇಳಲಿ.

ಆದರೆ ಅವರಿಗಿದ್ದ ತಿಳಿವಳಿಕೆ ಊರಲ್ಲಿ ಇನ್ನೊಬ್ಬರಿಗಿರಲಿಲ್ಲ. ದಬ್ಬೇಘಟ್ಟದ ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಎಲ್ಲಿ ಮಾಡಿಸಬೇಕು, ಯಾವ ಹೊತ್ತಿಗೆ ಹೋದರೆ ಸಾಲು ಕಡಿಮೆ, ಮಾತ್ರೆ ಕೊಡುವವನ ಮೂಡು ಯಾವಾಗ ಚೆನ್ನಾಗಿರುತ್ತದೆ, ಎಲ್ಲ ಗೊತ್ತು. ತುರುವೇಕೆರೆ ಬಸ್‌ಸ್ಟ್ಯಾಂಡ್ ಹಿಂದಿನ ಪ್ರೈವೇಟ್ ಕ್ಲಿನಿಕ್ಕಿನಲ್ಲಿ ಯಾವ ಬೆಂಚಿನಲ್ಲಿ ಕೂತರೆ ಡಾಕ್ಟರ ಕಣ್ಣಿಗೆ ಬೀಳುತ್ತೇವೆ ಅನ್ನುವುದೂ ಗೊತ್ತು. ಡಾಕ್ಟರು "ಏನಮ್ಮ ತೊಂದರೆ?" ಅಂದರೆ ಕಾಯಿಲೆಯವಳು ನಮ್ಮತ್ತೆಯ ಮುಖ ನೋಡುತ್ತಾಳೆ. ಇವರು ಶುರು ಮಾಡುತ್ತಾರೆ. "ಎದೆ ಉರಿ ಕಣ್ ಸಾ. ಮುದ್ದೆ ಇಳೀತಿಲ್ಲ. ರಾತ್ರಿಯೆಲ್ಲ ಹೊಳ್ಳಾಡ್ತಾಳೆ, ಕೇಳುದ್ರೆ ಏನಿಲ್ಲ ಅಂತಾಳೆ." ಹೇಳಿದ ಮೇಲೆ ಆ ಹೆಂಗಸು ಹೌದು ಹೌದು ಅಂತ ತಲೆಯಾಡಿಸುತ್ತಾಳೆ. ತನ್ನ ನೋವನ್ನು ತಾನು ಹೇಳಿದ್ದರೆ ಅಷ್ಟು ಚೆನ್ನಾಗಿ ಹೇಳುತ್ತಿರಲಿಲ್ಲ ಅನ್ನುವ ಹಾಗೆ.

ಎರಡು ಕಡೆಯ ವೈದ್ಯವನ್ನೂ ಅವರು ತಮ್ಮದೇ ರೀತಿಯಲ್ಲಿ ಅಳೆದಿದ್ದರು. ಸರ್ಕಾರಿ ಡಾಕ್ಟರಮ್ಮ ಒಳ್ಳೆಯವರೇ, ಆದರೆ ಮುಟ್ಟಿ ನೋಡುವುದಿಲ್ಲ, ತಲೆ ಎತ್ತುವಷ್ಟರಲ್ಲಿ ಹಿಂದಿನವರು ಮೈಮೇಲೆ ಬಿದ್ದಿರುತ್ತಾರೆ. ಹೆರಿಗೆಗೆ, ಬೀಪಿಗೆ, ನಾಯಿ ಕಚ್ಚಿದ್ದಕ್ಕೆ ಅಲ್ಲಿಗೇ ಹೋಗಬೇಕು. ಕ್ಲಿನಿಕ್ಕಿನ ಡಾಕ್ಟರು ಕೈ ಹಿಡಿದು ನಾಡಿ ನೋಡುತ್ತಾರೆ, "ಊಟ ಮಾಡಿದ್ಯೇನಮ್ಮ" ಅಂತಾರೆ, ಮಂಡಿಗೆ ಒಂದು ಸೂಜಿ ಚುಚ್ಚಿದರೆ ಬಸ್ಸು ಹತ್ತುವಷ್ಟರಲ್ಲಿ ನೋವು ಮಾಯ. ನೋವಿಗೆ ಅಲ್ಲಿ. ಅವರ ಬೀಪಿ ಮಾತ್ರೆ ಸರ್ಕಾರಿಯದು, ಮಂಡಿಯ ಸೂಜಿ ಕ್ಲಿನಿಕ್ಕಿನದು. ಅರ್ಧ ಊರು ಈ ಲೆಕ್ಕದಲ್ಲೇ ನಡೆಯುತ್ತಿತ್ತು.

ಎಲ್ಲರಿಗೂ ಅವರು ಕಟ್ಟುನಿಟ್ಟಾಗಿ ಹೇಳಿಕೊಟ್ಟ ಒಂದು ಪಾಠವಿತ್ತು. ಬಸ್ಸಿನಿಂದ ಇಳಿಯುವಾಗಲೇ ಕಿವಿಯಲ್ಲಿ ಊದುತ್ತಿದ್ದರು. "ಅಲ್ಲಿಗೆ ಹೋಗಿದ್ದು ಇಲ್ಲಿ ಬಾಯ್ಬುಡಬ್ಯಾಡ. ಇಲ್ಲಿಗೆ ಬಂದಿದ್ದು ಅಲ್ಲಿ ಬಾಯ್ಬುಡಬ್ಯಾಡ. ಸಿಟ್ಟು ಮಾಡ್ಕತಾರೆ, ಆಮೇಲೆ ಸರ್ಯಾಗಿ ನೋಡಲ್ಲ ಕಣೇ." ಹಿಂದೆ ಯಾವಾಗಲೋ ಒಬ್ಬ ಡಾಕ್ಟರು ಇನ್ನೊಬ್ಬರ ಚೀಟಿ ನೋಡಿ "ಅಲ್ಲೇ ಹೋಗು, ಇಲ್ಲಿಗ್ಯಾಕೆ ಬಂದೆ" ಅಂತ ಇವರ ಮುಖಕ್ಕೆ ಬಿಸಾಡಿದ್ದರಂತೆ. ಅವತ್ತಿನ ಅವಮಾನ ಇವರ ಹೊಟ್ಟೆಯಲ್ಲಿ ಕೂತುಬಿಟ್ಟಿತ್ತು. ತಮ್ಮ ಜೊತೆ ಬಂದವರಿಗೆ ಯಾರಿಗೂ ಅದಾಗಬಾರದು ಅನ್ನುವುದು ಅವರ ಹಟ.

ಇಂಥವರು ಈ ಬೇಸಿಗೆಯಲ್ಲಿ ಮಲಗಿದರು.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೂತವರು ಮೇಲೇಳಲಿಲ್ಲ. "ಸೌಮ್ಯ, ಕಾಲು ನನ್ನವಲ್ಲ ಅನ್ನಂಗಾಗ್ತೈತೆ ಕಣೇ" ಅಂದರು. ನಾನೂ ನನ್ನ ಗಂಡ ತಿಮ್ಮರಾಜೂ ಎರಡು ತೋಳು ಹಿಡಿದು ಎಬ್ಬಿಸಿದೆವು. ಬಿಸಿಲಿಗೆ ಅಂದುಕೊಂಡೆವು. ನಮ್ಮತ್ತೆ ತಾವೇ ತಮ್ಮ ವೈದ್ಯ ತೀರ್ಮಾನಿಸಿ ಕ್ಲಿನಿಕ್ಕಿಗೆ ನಡೆಯಿರಿ ಅಂದರು. ಅಲ್ಲಿಯ ಡಾಕ್ಟರು ಎಂದಿನಂತೆ ಕೈ ಹಿಡಿದರು, ಗ್ಲೂಕೋಸ್ ಏರಿಸಿದರು, ಮಂಡಿಗೆ ಸೂಜಿಯನ್ನೂ ಹಾಕಿದರು. "ವೀಕ್‌ನೆಸ್ ಅಷ್ಟೇ, ಬಿಸಿಲು ಜಾಸ್ತಿ. ಚೆನ್ನಾಗಿ ಎಳನೀರು ಕುಡೀರಿ" ಅಂದರು. ತೆಂಗಿನ ಸೀಮೆಯಲ್ಲಿ ಕೂತ ಡಾಕ್ಟರು ಇನ್ನೇನು ಹೇಳುತ್ತಾರೆ? ಅತ್ತೆಗೆ ಆ ಮಾತೇ ಅರ್ಧ ಔಷಧಿ. ಬಸ್ಸಿನಲ್ಲಿ ಬರುವಾಗ ಡಾಕ್ಟರ ಗುಣಗಾನವೇ ಗುಣಗಾನ.

ನಮ್ಮ ಕಡೆಯವರಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಇಷ್ಟು ತೆಂಗಿನ ತೋಟ ಇದೆಯಲ್ಲ, ನಾವು ದಿನಾ ಎಳನೀರು ಕುಡಿದುಕೊಂಡು ಓಡಾಡುತ್ತೇವೆ ಅಂತ ತಿಳಿಯಬೇಡಿ. ಇಲ್ಲಿ ಕಾಯಿ ಬಲಿಯಬೇಕು, ಅಟ್ಟ ಹತ್ತಬೇಕು, ಒಳಗೇ ಒಣಗಿ ಕೊಬ್ಬರಿಯಾಗಬೇಕು. ಎಳೆಯದನ್ನು ಕಿತ್ತರೆ ಮುಂದೆ ಬರುವ ಕೊಬ್ಬರಿಯನ್ನೇ ಕಿತ್ತ ಹಾಗೆ. ಅದಕ್ಕೇ ಮರದಿಂದ ಎಳನೀರು ಇಳಿಸಿದರು ಅಂದರೆ ಬಂದವರು ಬೇಕಾದವರು, ಇಲ್ಲವೇ ಮಲಗಿದವರು ಬೇಕಾದವರು. ಕಾಯಿಲೆಯವರನ್ನು ನೋಡಲು ಬರಿಗೈಯಲ್ಲಿ ಹೋಗುವ ಪದ್ಧತಿ ನಮ್ಮಲ್ಲಿಲ್ಲ.

ಮಲಗಿದವರು ಆಸ್ಪತ್ರೆ ಗೌರಮ್ಮ. ಇನ್ನು ಕೇಳಬೇಕೆ! ಊರಿಗೆ ಊರೇ ಬಂತು. ಯಾರ ಹೆರಿಗೆಗೆ ಇವರು ಜೊತೆ ಹೋಗಿದ್ದರೋ ಅವರು, ಯಾರ ಮಗುವಿನ ಜ್ವರಕ್ಕೆ ಓಡಿದ್ದರೋ ಅವರು. ತುರುವೇಕೆರೆಯಿಂದ ಟೈಲರ್ ಹಸೀನಾ ಬೇಗಂ ಬಂದರು. ಅವರ ಸೊಸೆಗೆ ರಕ್ತ ಬೇಕಾದಾಗ ಅತ್ತೆ ದಿನವಿಡೀ ಜೊತೆಗಿದ್ದವರು. ಅವರ ಕೈಯಲ್ಲೂ ಎಳನೀರು. ಬಂದವರು ಕೊಟ್ಟು ಹೋಗುವುದಿಲ್ಲ, ಮಚ್ಚು ಈಸಿಕೊಂಡು ತಾವೇ ಕೆತ್ತಿ, ಮುಂದೆ ಕೂತು, ಬಾಯಿಗೆ ಹಿಡಿದು, "ಇನ್ನೊಂದ್ ಗುಟುಕು ಗೌರಕ್ಕ" ಅಂತ ಖಾಲಿ ಮಾಡಿಸಿಯೇ ಏಳುವುದು. ಬೇಡ ಅಂದರೆ ಬೇಜಾರು. ಮುದ್ದೆ ಬೇಡ, ಅನ್ನ ಬೇಡ ಅನ್ನುತ್ತಿದ್ದ ಅತ್ತೆ ಎಳನೀರನ್ನು ಮಾತ್ರ ಗಟಗಟ ಕುಡಿಯುತ್ತಿದ್ದರು. ಅಷ್ಟಾದರೂ ಹೊಟ್ಟೆಗೆ ಹೋಗುತ್ತಿದೆಯಲ್ಲ ಅಂತ ನನಗೆ ಸಮಾಧಾನ. ಹಿತ್ತಲಲ್ಲಿ ಬುರುಡೆಗಳ ಗುಡ್ಡೆ ಬಿತ್ತು. ಗುಡಿಸಿ ಗುಡಿಸಿ ನನ್ನ ಸೊಂಟ ಬಿತ್ತು.

ಕಾಲಿನ ಸೋಲು ಕಡಿಮೆಯಾಗಲಿಲ್ಲ, ಕೈಗೂ ಬಂತು. ಲೋಟ ಎತ್ತಿದರೆ ಬೆರಳು ಸಡಿಲ. ಮುಖ ಊದಿದಂತಿತ್ತು. ಉಚ್ಚೆಗೆ ಹೋಗುವುದೇ ಅಪರೂಪವಾಯಿತು. ಕೇಳಿದರೆ "ಏನಿಲ್ಲ ಕಣೇ, ಸುಮ್ಕಿರು" ಅನ್ನುವರು. ಪರರ ನೋವನ್ನು ಪುರಾಣ ಹೇಳಿದಂತೆ ಹೇಳುವ ಈ ಹೆಂಗಸಿಗೆ ತನ್ನ ನೋವಿಗೆ ಬಾಯೇ ಇಲ್ಲ. ನನಗೆ ಒಳಗೇ ದಿಗಿಲು ಹತ್ತಿತು. ಪಾತ್ರೆ ತೊಳೆಯುವಾಗ ಒಂದು ಕಿವಿ ಅವರ ಉಸಿರಿನ ಕಡೆಗೇ ಇರುತ್ತಿತ್ತು. ಕೆಮ್ಮಿದರೆ ಓಡುವುದು, ಕೆಮ್ಮದಿದ್ದರೂ ಓಡುವುದು.

ಜಗಳ ಮಾಡಿ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ಹೊರಗೆ ಜಾತ್ರೆಯಷ್ಟು ಜನ. ಅತ್ತೆಯನ್ನು ನೋಡಿ ನಕ್ಕರು. "ಏನ್ ಗೌರಮ್ಮ, ಇವತ್ತು ಯಾರನ್ನ ಕರ್ಕೊಂಡು ಬಂದ್ರಿ?"

"ನಂಗೇ ಕಣ್ರವ್ವ, ಒಸಿ ಸುಸ್ತು" ಅಂದರು ಅತ್ತೆ. ಅಷ್ಟೇ! ಕೈ ಸೋಲುವುದು, ಊತ, ಉಚ್ಚೆ, ಒಂದೂ ಇಲ್ಲ. ನಾನು ಮಧ್ಯೆ ಬಾಯಿ ಹಾಕಿ ಹೇಳಿದೆ. ಡಾಕ್ಟರಮ್ಮ ಆಗ ತಲೆ ಎತ್ತಿದರು, ಕಣ್ಣಿನ ಕೆಳಗೆ ಒತ್ತಿ ನೋಡಿದರು. "ನಮ್ಮ ಬೀಪಿ ಮಾತ್ರೆ ಬಿಟ್ಟು ಬೇರೆ ಏನಾದ್ರೂ ತಗೋತಿದೀರಾ? ಎಲ್ಲಾದ್ರೂ ಇಂಜೆಕ್ಷನ್?"

"ಇಲ್ಲ ಕಣ್ರವ್ವ. ನಿಮ್ಮ ಮಾತ್ರೆ ಬುಟ್ರೆ ದೇವ್ರಾಣೆ ಏನಿಲ್ಲ." ಅನ್ನುತ್ತಲೇ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದರು. ಆ ಸೋತ ಬೆರಳಿಗೆ ಚಿವುಟಲು ಮಾತ್ರ ಎಲ್ಲಿತ್ತೋ ಶಕ್ತಿ! ನಾನು ಬಾಯಿ ಮುಚ್ಚಿದೆ. ರಕ್ತ ಪರೀಕ್ಷೆ ಬರೆದರು. ಲ್ಯಾಬಿನವನು ಅವತ್ತು ರಜೆ. ತುರುವೇಕೆರೆಯ ತಾಲ್ಲೂಕು ಆಸ್ಪತ್ರೆಗೆ ಇವತ್ತೇ ಹೋಗಿ, ತಡ ಮಾಡಬೇಡಿ ಅಂತ ಡಾಕ್ಟರಮ್ಮ ಎರಡು ಸಲ ಹೇಳಿದರು. ಹೊರಗೆ ಬಂದ ಅತ್ತೆ "ನಾಳೆ ನೋಡನ ಬುಡು, ತಲೆ ಸುತ್ತುತೈತೆ" ಅಂದರು. ಮನೆಗೆ ಬಂದರೆ ಜಗುಲಿ ಮೇಲೆ ಎಳನೀರು ಹಿಡಿದು ಮೂರು ಜನ ಕಾಯುತ್ತಿದ್ದರು.

ಮಾರನೆ ದಿನ ಬೆಳಿಗ್ಗೆ ಅವರನ್ನು ಎಬ್ಬಿಸಲು ಹೋದರೆ ಕಣ್ಣು ಬಿಟ್ಟಿದ್ದಾರೆ, ಕುತ್ತಿಗೆ ತಿರುಗಿಸಲು ಆಗುತ್ತಿಲ್ಲ. "ಸೌಮ್ಯ, ಎದೆ ನಿಂತ್ ನಿಂತ್ ಹೊಡೀತೈತೆ" ಅಂದರು. ತಿಮ್ಮರಾಜು ಪಕ್ಕದ ಮನೆಯವರ ಕಾರು ತಂದ. ನಾನು ಚೀಲಕ್ಕೆ ಸೀರೆ, ಟವೆಲ್ಲು, ದಾರಿಯಲ್ಲಿ ಬಾಯಾರಿದರೆ ಇರಲಿ ಅಂತ ಮೇಲೆ ಕೆತ್ತಿಟ್ಟ ಎಳನೀರು ಎರಡು, ಒಂದು ಸ್ಟ್ರಾ ಹಾಕಿಕೊಂಡೆ. ದಾರಿಯುದ್ದಕ್ಕೂ ಅವರ ಮೂಗಿನ ಹತ್ತಿರ ಬೆರಳು ಹಿಡಿದುಕೊಂಡೇ ಕೂತಿದ್ದೆ. ತೋಟಗಳು ಹಿಂದೆ ಹಿಂದೆ ಓಡುತ್ತಿದ್ದವು, ಕಾರು ಮಾತ್ರ ನಿಂತಲ್ಲೇ ನಿಂತಂತೆ ಇತ್ತು. ದೇವರೇ, ಈ ಹೆಂಗಸಿನ ಮೇಲೆ ನನಗೆ ಎಷ್ಟು ಸಿಟ್ಟಿದ್ದರೂ ಇರಲಿ, ಕರೆದುಕೊಳ್ಳಬೇಡಪ್ಪ ಅಂತ ಬಾಯಿಬಿಟ್ಟೇ ಹೇಳಿಕೊಂಡೆ.

ತಾಲ್ಲೂಕು ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರು ಗಡ್ಡ ಬಿಟ್ಟ ಹುಡುಗ. ನೋಡಿದ ಕೂಡಲೇ ಮಂಚಕ್ಕೆ ಹಾಕಿಸಿ, ಎದೆಗೆ ವೈರು ಅಂಟಿಸಿ ಇಸಿಜಿ ತೆಗೆಸಿದ. ರಕ್ತ ತೆಗೆದು ಲ್ಯಾಬಿಗೆ ಕಳಿಸಿದ. ಹಾಳೆ ಕೈಗೆ ಬಂದದ್ದೇ ಹುಬ್ಬು ಗಂಟಾಯಿತು. ನನ್ನ ಕಡೆ ತಿರುಗಿ ಕೇಳಿದ. "ಎರಡು ಮೂರು ದಿನದಿಂದ ಏನೇನು ತಿಂದಿದಾರೆ, ಏನೇನು ಕುಡಿದಿದಾರೆ?"

"ಏನೂ ಇಲ್ಲ ಸಾರ್. ತುತ್ತು ಅನ್ನ ಇಳಿದಿಲ್ಲ."

"ಹಣ್ಣು? ಜ್ಯೂಸು? ನಾಟಿ ಔಷಧಿ? ಕಷಾಯ?"

"ಏನೂ ಇಲ್ಲ ಸಾರ್, ನಿಮ್ಮಾಣೆ."

ಅವನು ಮತ್ತೆ ಹಾಳೆ ನೋಡತೊಡಗಿದ. ಅತ್ತೆ ತುಟಿ ಸವರಿಕೊಂಡರು. ಬಾಯಾರಿಕೆ. ನಾನು ಚೀಲದಿಂದ ಎಳನೀರು ತೆಗೆದು ತೂತು ಮಾಡಿ ಸ್ಟ್ರಾ ಅವರ ಬಾಯಿಗಿಟ್ಟೆ. ಡಾಕ್ಟರು ತಿರುಗಿ ನೋಡಿದ.

"ಏನ್ರೀ ಅದು?"

"ಎಳನೀರು ಸಾರ್."

"ಏನೂ ಕುಡಿದಿಲ್ಲ ಅಂದ್ರಲ್ರೀ?"

"ಹೂಂ ಸಾರ್, ಏನೂ ಕುಡಿದಿಲ್ಲ. ಎಳನೀರು ಅಷ್ಟೇ."

ಅವನು ನನ್ನ ಕೈಯಿಂದ ಅದನ್ನು ಕಿತ್ತುಕೊಂಡ ರಭಸಕ್ಕೆ ನೀರು ನನ್ನ ಸೀರೆ ಮೇಲೆಲ್ಲ ಚೆಲ್ಲಿತು. "ದಿನಕ್ಕೆ ಎಷ್ಟು ಕೊಡ್ತಿದ್ರಿ?" ಅಂತ ಕೂಗಿದ. ಎಷ್ಟು ಅಂತ ಹೇಳಲಿ? ಎಳನೀರನ್ನು ಯಾರಾದರೂ ಎಣಿಸುತ್ತಾರಾ? ನಮಗೆ ಅದು ಊಟವಲ್ಲ, ಔಷಧಿಯಲ್ಲ, ಹಣ್ಣೂ ಅಲ್ಲ. ಬಂದವರೆಲ್ಲ ಕುಡಿಸುತ್ತಿದ್ದರು ಸಾರ್, ಊರಿನವರೆಲ್ಲ ಬರುತ್ತಿದ್ದರು ಅಂದೆ. ಅವನು ನರ್ಸಿಗೆ ಏನೇನೋ ಇಂಗ್ಲಿಷಿನಲ್ಲಿ ಹೇಳಿ ಓಡಾಡತೊಡಗಿದ. ಸೂಜಿ ಮೇಲೆ ಸೂಜಿ. ಫೋನಿನಲ್ಲಿ ಆಂಬುಲೆನ್ಸ್, ತುಮಕೂರು, ಡಯಾಲಿಸಿಸ್ ಅನ್ನುವ ಮಾತು ಕಿವಿಗೆ ಬಿತ್ತು. ನಾನು ಗೋಡೆಗೆ ಒರಗಿ ನಿಂತೆ.

ಆಮೇಲೆ ಅವನೇ ಹತ್ತಿರ ಬಂದು, ದನಿ ತಗ್ಗಿಸಿ, ಬಿಡಿಸಿ ಹೇಳಿದ. ಎಳನೀರಿನಲ್ಲಿ ಪೊಟ್ಯಾಷಿಯಂ ಅಂತ ಒಂದು ಉಪ್ಪಿದೆ. ಕಿಡ್ನಿ ನೆಟ್ಟಗಿದ್ದರೆ ಅದನ್ನು ಹೊರಗೆ ಹಾಕುತ್ತದೆ. ಕಿಡ್ನಿ ಸೋತಿದ್ದರೆ ರಕ್ತದಲ್ಲೇ ತುಂಬಿಕೊಂಡು ಕೈಕಾಲು ಸೋಲಿಸುತ್ತದೆ, ಕೊನೆಗೆ ಎದೆಬಡಿತವನ್ನೇ ನಿಲ್ಲಿಸುತ್ತದೆ. "ಇವರ ಕಿಡ್ನಿ ಇಷ್ಟು ಕೆಟ್ಟಿದ್ದು ಇವತ್ತು ನಿನ್ನೆ ಅಲ್ಲ. ನೋವಿಗೆ ಅಂತ ಎಲ್ಲಾದ್ರೂ ಸೂಜಿ, ಮಾತ್ರೆ ತಗೋತಿದ್ರಾ? ಹೇಳಿದ್ರೆ ಉಳಿಸ್ಕೊಳೋದು ಸುಲಭ ಆಗುತ್ತೆ ಕಣಮ್ಮ."

ಅತ್ತೆ ಮಂಚದಿಂದಲೇ ನನ್ನನ್ನು ನೋಡುತ್ತಿದ್ದರು. ಕುತ್ತಿಗೆ ಆಡಿಸಲು ಆಗದಿದ್ದರೂ ಕಣ್ಣಿನಲ್ಲೇ ಬೇಡ ಬೇಡ ಅಂದರು. ಪ್ರಾಣ ಹೋಗುತ್ತಿದೆ, ಇವರಿಗೆ ಡಾಕ್ಟರು ಬೈದಾರು ಅನ್ನುವ ಚಿಂತೆ! ನನಗೆ ರೇಗಿತು. "ತಗೋತಿದ್ರು ಸಾರ್. ವರ್ಷಗಟ್ಟಲೆ ತಗೊಂಡಿದಾರೆ. ಮಂಡಿಗೆ ಸೂಜಿ, ಮೇಲೆ ನೋವಿನ ಮಾತ್ರೆ. ಸರ್ಕಾರಿ ಬೀಪಿ ಮಾತ್ರೆನೂ ತಗೋತಾರೆ. ಇಲ್ಲಿದ್ದು ಅಲ್ಲಿ ಹೇಳಿಲ್ಲ, ಅಲ್ಲಿದ್ದು ಇಲ್ಲಿ ಹೇಳಿಲ್ಲ" ಅಂತ ಒಂದೇ ಉಸಿರಿಗೆ ಒದರಿದೆ. ಡಾಕ್ಟರು ಬೈಯಲಿಲ್ಲ. ಅತ್ತೆಯ ಹಣೆ ಮೇಲೆ ಕೈಯಿಟ್ಟು, "ಕೆಲವು ಬೀಪಿ ಮಾತ್ರೆ ಜೊತೆ ನೋವಿನ ಸೂಜಿ ಸೇರಿದ್ರೆ ಕಿಡ್ನಿಗೇ ಪೆಟ್ಟು. ಮೊದಲೇ ಹೇಳಬಾರದಾಗಿತ್ತಾ ಅಜ್ಜಿ" ಅಂದ. ಅತ್ತೆಯ ಕಣ್ಣಿಂದ ನೀರು ಕಿವಿಗೆ ಇಳಿಯಿತು.

ತುಮಕೂರಿನ ದೊಡ್ಡಾಸ್ಪತ್ರೆಯಲ್ಲಿ ಬದುಕಿದರು. ಬದುಕುತ್ತಾರೋ ಇಲ್ಲವೋ ಅನ್ನುವ ಹೊತ್ತುಗಳನ್ನು ನಾನು ಇಲ್ಲಿ ಬರೆಯುವುದಿಲ್ಲ. ರಕ್ತ ತೊಳೆಯುವ ಮಷೀನಿಗೆ ಹಾಕಿದರು, ಎದೆಬಡಿತ ದಾರಿಗೆ ಬಂತು. ಕಿಡ್ನಿ ಮಾತ್ರ ಇನ್ನು ಮೊದಲಿನಂತಾಗುವುದಿಲ್ಲ. ನೋವಿನ ಸೂಜಿ ಮುಟ್ಟುವ ಹಾಗಿಲ್ಲ. ಎಳನೀರು ಈ ಜನ್ಮಕ್ಕೆ ಬಂದ್. ಕುಡಿಯುವ ನೀರಿಗೂ ಅಳತೆ.

ಮನೆಗೆ ಕರೆತಂದ ಮೇಲೆ ನನ್ನ ಕೆಲಸ ಏನು ಗೊತ್ತಾ? ಬಾಗಿಲು ಕಾಯುವುದು. ಜನ ಮತ್ತೆ ಬರತೊಡಗಿದರು, ಮತ್ತೆ ಎಳನೀರು. ಕೊಡಬೇಡಿ ಅಂದರೆ ಯಾರೂ ಒಪ್ಪುವುದಿಲ್ಲ. "ಎಳನೀರು ಯಾರ್ಗಾದ್ರೂ ಕೆಟ್ಟದ್ದು ಮಾಡ್ತದಾ? ಡಾಕ್ಟ್ರಿಗೇನ್ ಗೊತ್ತು" ಅಂತ ನನ್ನನ್ನೇ ದಬಾಯಿಸುವುದು. ಅತ್ತೆ ಬಾಯಾರಿ ಸಾಯಲಿ ಅಂತ ಸೊಸೆ ಎಳನೀರನ್ನೂ ಬಿಡುತ್ತಿಲ್ಲ ಅಂತ ಕೇರಿಯಲ್ಲಿ ಮಾತು ಹುಟ್ಟಿತು. ಹುಟ್ಟಲಿ. ನಾನೇನು ಒಳ್ಳೆ ಸೊಸೆ ಅನ್ನಿಸಿಕೊಳ್ಳಲು ನಿಂತಿರಲಿಲ್ಲ. ಅವರು ನಿದ್ದೆ ಮಾಡುವಾಗ ಹೊದಿಕೆ ಏರಿಳಿಯುತ್ತದಾ ಅಂತ ನೋಡುವ ಚಾಳಿ ಮಾತ್ರ ನನಗೆ ಅಂಟಿಕೊಂಡುಬಿಟ್ಟಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ಕೆಳಗಿನ ಕೇರಿಯ ವೆಂಕಟಯ್ಯ ಬಂದರು. ಒಂಟಿ ಜೀವ. ಅವರ ಬೀಪಿ, ಅವರ ಮಂಡಿ ಎಲ್ಲಕ್ಕೂ ನಮ್ಮತ್ತೆಯೇ ದಿಕ್ಕು. ಕೈಯಲ್ಲಿ ಜೋಡಿ ಎಳನೀರು. ನಾನು ಬಾಗಿಲಲ್ಲೇ ಶುರು ಮಾಡಿದೆ. "ವೆಂಕಟಯ್ನೋರೇ, ಎಷ್ಟು ಸಲ ಹೇಳ್ಬೇಕು? ತಗೊಂಡೋಗಿ ಅದನ್ನ!"

ಅವರು ಮೆಟ್ಟಿಲ ಮೇಲೆ ದೊಪ್ಪನೆ ಕೂತುಬಿಟ್ಟರು. "ಬೈಬ್ಯಾಡ ಕಣವ್ವ, ಒಸಿ ಕೂತ್ಕತೀನಿ. ಯಾಕೋ ಕಾಲ್ಗೆ ಶಕ್ತಿನೇ ಇಲ್ಲ. ಅದ್ಕೇ ನಾನೂ ದಿನಾ ಎಳನೀರು ಕೆತ್ಕಂಡು ಕುಡೀತಾವ್ನಿ."

ಜಗುಲಿ ಮೇಲೆ ಒರಗಿದ್ದ ಅತ್ತೆ ಎದ್ದು ಕೂತರು.

"ವೆಂಕಟಣ್ಣ, ಮಂಡಿಗೆ ಸೂಜಿ ಹಾಕುಸ್ಕತಿದ್ದೀಯಾ ಇನ್ನೂವೆ?"

"ಹೂಂ ಕಣಕ್ಕ. ನೀನು ಮಲಿಕ್ಕಂಡಿದ್ಯಲ್ಲ, ನಾನೊಬ್ನೇ ಹೋಯ್ತಿದ್ದೆ."

"ಸರ್ಕಾರಿ ಮಾತ್ರೆ?"

"ಅದೂ ಬುಟ್ಟಿಲ್ಲ. ಇಲ್ಲಿದ್ದು ಅಲ್ಲಿ, ಅಲ್ಲಿದ್ದು ಇಲ್ಲಿ ಒಂದಕ್ಷರ ಬಾಯ್ಬುಟ್ಟಿಲ್ಲ ಕಣಕ್ಕ, ನೀನು ಹೇಳ್ಕೊಟ್ಟಂಗೇ." ಹೆಮ್ಮೆಯಿಂದ ಹೇಳಿದರು ವೆಂಕಟಯ್ಯ.

ಅತ್ತೆ ಗೋಡೆ ಹಿಡಿದು ನಿಂತರು. "ಸೌಮ್ಯ, ತಿಮ್ಮರಾಜಂಗೆ ಫೋನ್ ಮಾಡು. ಕಾರು ತರ್ಲಿ. ಈಗ್ಲೇ" ಅಂದರು. ನೀವು ಓಡಾಡಬಾರದು ಅಂದಿದ್ದಾರೆ, ನಾನು ಹೋಗುತ್ತೇನೆ ಅಂದೆ. ಕೇಳಿಸಿಕೊಳ್ಳಲೇ ಇಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ವೆಂಕಟಯ್ಯನವರನ್ನು ಕೂರಿಸಿ ಕೇಳಿದರು. "ಬೇರೆ ಕಡೆ ಏನಾದ್ರೂ ಔಷಧಿ?" ವೆಂಕಟಯ್ಯ ಅಭ್ಯಾಸಬಲದಿಂದ "ಏನಿಲ್ಲ ಕಣ್ರವ್ವ" ಅಂದು ಅತ್ತೆಯ ಮುಖ ನೋಡಿದರು.

"ಐತೆ ಕಣ್ರವ್ವ" ಅಂದರು ಅತ್ತೆ. "ಸೂಜಿ ಐತೆ, ನೋವಿನ ಮಾತ್ರೆ ಐತೆ, ಎಳನೀರು ಐತೆ. ನಂಗಾಗಿದ್ದೇ ಇವ್ರಿಗೂ ಆಗ್ತೈತೆ. ಬೇಗ ನೋಡಿ."

ಡಾಕ್ಟರಮ್ಮ ಲ್ಯಾಬಿನವನನ್ನು ಕೂಗಿ ಕರೆದರು, ಆಂಬುಲೆನ್ಸಿಗೆ ಹೇಳಿ ಅಂತ ನರ್ಸಮ್ಮನಿಗೆ ಸನ್ನೆ ಮಾಡಿದರು. ಆಮೇಲೆ ವೆಂಕಟಯ್ಯನವರನ್ನು ಕೇಳಿದರು. "ಅಲ್ಲಾ, ಇದನ್ನೆಲ್ಲ ಮುಚ್ಚಿಡಬೇಕು ಅಂತ ಯಾರು ಹೇಳಿಕೊಟ್ಟಿದ್ದು ನಿಮಗೆ?" ವೆಂಕಟಯ್ಯ ಮತ್ತೆ ಅತ್ತೆಯ ಮುಖ ನೋಡಿದರು.

"ನಾನೇ ಕಣ್ರವ್ವ" ಅಂದರು ಅತ್ತೆ.

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. "ಇನ್ನೂ ಯಾರ್ಯಾರಿಗೆ ಹೇಳಿಕೊಟ್ಟಿದ್ದೀರಿ ಗೌರಮ್ಮ?"

ಅತ್ತೆ ನನ್ನ ಕೈ ಹಿಡಿದುಕೊಂಡರು.

"ಊರ್ಗೆಲ್ಲ ಕಣ್ರವ್ವ."